ಮುಂದಿನ ಸಾಲಿನ ಲ್ಲ

ಮಾರ್ಚ್ ೩, ಸೋಮವಾರ

ಇವತ್ತೂ ಬೆಳಗ್ಗೆ ಆರಕ್ಕೇ ಶುರು. ಗೋಡೆಯಾಚೆ ಮಶೀನಮ್ಮ ಓದುತ್ತಿದ್ದಾಳೆ. ಅಕ್ಕನ ಕಂಪ್ಯೂಟರಿನ ಓದುವ ದನಿಗೆ ನಾನಿಟ್ಟ ಹೆಸರು. ಪ್ರತಿ ಸಾಲಿನ ತುದಿಗೂ ನಿಲ್ಲುತ್ತಾಳೆ. "ಮುದುಕ ಮೆಟ್ಟಿಲಿಳಿದು ಬಂ"... ಮೌನ... "ದು ನಿಂತ." ಒಂದೊಂದು ನಿಲುಗಡೆಗೂ ತಲೆಯ ಮೇಲೆ ಮೊಟಕಿದಂತೆ.

ಅಕ್ಕ ಪ್ರೆಸ್ಸಿಗೆ ಕರಡು ತಿದ್ದುವವಳು. ನನಗೆ ಬುದ್ಧಿ ಬಂದಾಗಿನಿಂದ ಅದೇ ಕೆಲಸ. ಈಗ ಕಣ್ಣಿನ ನಡುವೆ ಕಪ್ಪು ಕಲೆ, ಅಕ್ಷರ ಕಾಣುವುದಿಲ್ಲ. ಪ್ರೆಸ್ಸಿನ ಮಾಲೀಕರಿಗೆ ಹೇಳಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ. ಅದಕ್ಕೇ ಕಿವಿಯಿಂದ ತಿದ್ದುತ್ತಾಳೆ — ನನ್ನ ಕೋಣೆಯಲ್ಲಿ, ನನ್ನ ಮೇಜಿನ ಮೇಲೆ. ನಾನು ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಪನಿ ಕೆಲಸ ಮಾಡುತ್ತೇನೆ. ಅಕ್ಕ ಮೂರು ತಿಂಗಳಿಗೆಂದು ಬಂದವಳು. ವರ್ಷವಾಯಿತು.

ಕಾಫಿ ಕೊಡಲು ಹೋದೆ.

"ನಿನ್ನ ಎಡಿಟರ್‌ನಲ್ಲಿ ಸಾಲು ಸೇರಿಸೋಕೆ ಆಗಲ್ವೇನೇ? ಸ್ಕ್ಯಾನ್ ಮಾಡಿದ ಹಳೇ ಕಾದಂಬರಿ ಇದು. ಒಂದು ಸಾಲೂ ನೆಟ್ಟಗಿಲ್ಲ, ಮುರಿದು ಕೂತಿದೆ."

"ಬೇರೆ ಎಡಿಟರ್ ತಗೋ ಅಕ್ಕಾ. ಬೇಕಾದಷ್ಟಿವೆ."

"ಬೆರಳಿಗೆ ಅಭ್ಯಾಸ ಆಗಿರೋದು ಇದು. ಬರೆದೋಳು ನೀನೇ ತಾನೆ? ಅಥವಾ ಅದನ್ನೂ ಯಾರಾದ್ರೂ ಬರ್ಕೊಟ್ರಾ?"

ಮೈ ಉರಿಯಿತು. ಬರಹ ತೆರೆದು ತಿದ್ದುವ ಆ ಪ್ರೋಗ್ರಾಂ, ಕಾಲೇಜು ಮುಗಿಸಿದ ಹೊಸದರಲ್ಲಿ ನಾನೇ ಕೂತು ಬರೆದದ್ದು. ಜಗತ್ತಿನಲ್ಲಿ ಅದನ್ನು ಬಳಸುವವರು ಇಬ್ಬರು. ಒಬ್ಬಳು ನಾನು, ಇನ್ನೊಬ್ಬಳು ನನ್ನನ್ನು ಬೈಯುವವಳು.

ಈ ಡೈರಿ ಕೈಬರಹ. ಮಶೀನಮ್ಮನಿಗೂ ಓದಲಾಗದು, ಅಕ್ಕನಿಗೂ ಆಗದು. ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ. ಹೋಗಲಿ. ಒಮ್ಮೆ ಹೋಗಲಿ ಇವಳು.

ಮಾರ್ಚ್ ೪, ಮಂಗಳವಾರ. ಮಧ್ಯಾಹ್ನ

ಸಾಲು ಸೇರಿಸುವುದು ಅರ್ಧ ಗಂಟೆ ಕೆಲಸ. ಈ ಸಾಲಿನ ಕೊನೆಯ ಎಂಟರ್ ಅಳಿಸು. ಮುಂದಿನ ಸಾಲಿನ ಮೊದಲಿಗಿರುವ ಖಾಲಿ ಜಾಗ ಅಳಿಸು. ನಡುವೆ ಒಂದು ಸ್ಪೇಸ್ ಇಡು. ಕೊನೆಯ ಸಾಲಿನಲ್ಲಿ ನಿಂತು ಒತ್ತಿದರೆ ಸುಮ್ಮನಿರು, ಸೇರಿಸಲು ಮುಂದೆ ಸಾಲೇ ಇಲ್ಲ. ಬರೆದೆ, ಕೊಟ್ಟೆ, ಬಂದು ಊಟಕ್ಕೆ ಕೂತೆ. ಎರಡು ತುತ್ತು ಒಳಗೆ ಹೋಗಿಲ್ಲ —

"ಏ, ಬಾರೇ ಇಲ್ಲಿ. ಕೇಳು ನಿನ್ನ ಪ್ರತಾಪ."

ಮಶೀನಮ್ಮ ಓದಿದಳು: "ಅವನು ಒಪ್ಪಲಿ ಲ್ಲ."

"ಏನಿದು ಲ್ಲ? ಒಪ್ಪಲಿಲ್ಲ ಅಂತ ಒಂದೇ ಪದ. ಜಾಗ ಸಾಲದೆ ಹಳೇ ಪ್ರೆಸ್ಸಿನೋರು ಮುರಿದಿದ್ದಾರೆ. ನೀನು ಮಧ್ಯೆ ಜಾಗ ಬಿಟ್ಟು ಅದನ್ನ ಖಾಯಂ ಮಾಡಿದೀಯ."

ನನಗೆ ನಗು ಬಂತು, ನಕ್ಕೆ. ಅವಳು ನಗಲಿಲ್ಲ.

ಸಂಜೆ

ಸ್ಪೇಸ್ ತೆಗೆದು ಕೊಟ್ಟೆ. ಒಂದು ಸಾಲಿನ ತುದಿಯಲ್ಲಿ "ಡಾಕ್ಟರ್", ಮುಂದಿನದರ ಮೊದಲಲ್ಲಿ "ಬಂದರು". ಸೇರಿಸಿದರೆ ಡಾಕ್ಟರ್ಬಂದರು. ರ್ ಹೋಗಿ ಅರ್ಕಾವತ್ತಾಗಿ ಬ ಬೆನ್ನಿಗೆ ಜೋತುಬಿದ್ದಿದೆ. ಮಶೀನಮ್ಮ ಅದನ್ನು ಒಂದೇ ಉಸಿರಿಗೆ ಉಗುಳಿದಳು.

"ಡಾಕ್ಟರ್ ಬಂದು ಮೊದ್ಲು ನಿನ್ನ ನೋಡ್ಬೇಕು," ಎಂದಳು ಅಕ್ಕ.

"ಸ್ಕ್ಯಾನೇ ಕೆಟ್ಟದಾಗಿದೆ. ನನ್ನ ಕೋಡ್ ಸರಿ ಇದೆ."

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ."

ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡೆ.

ಮಾರ್ಚ್ ೬, ಗುರುವಾರ

ಎರಡು ಕೀ ಮಾಡಿಕೊಟ್ಟೆ. "ಸೇರಿಸು" ಒತ್ತಿದರೆ ನಡುವೆ ಸ್ಪೇಸ್ ಬರುತ್ತದೆ, "ಅಂಟಿಸು" ಒತ್ತಿದರೆ ಬರುವುದಿಲ್ಲ. ಯಾವುದು ಎಲ್ಲಿಗೆ ಎಂದು ಅವಳೇ ತೀರ್ಮಾನಿಸಲಿ, ಅಷ್ಟು ಬುದ್ಧಿವಂತೆಯಲ್ಲವೆ. ಹ್ಞೂಂ ಎಂದಳು. ಚೆನ್ನಾಗಿದೆ ಎಂಬ ಮಾತು ಆ ಬಾಯಲ್ಲಿ ಬರುವುದಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಬರೆದ ಕಾಗದವನ್ನೂ ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಕಳಿಸಿದವಳು. ಅವಳು ತಿದ್ದಿದ್ದನ್ನು ಹೊಗಳಿ ಅಪ್ಪ ಉತ್ತರ ಬರೆದರು.

ಮಾರ್ಚ್ ೭, ಶುಕ್ರವಾರ

"ಒಂದೊಂದೇ ಸಾಲು ಒತ್ತುತ್ತಾ ಕೂತ್ರೆ ಮುಂದಿನ ಜನ್ಮಕ್ಕೆ ಮುಗಿಯುತ್ತೆ. ಮಾಲೀಕರು ಅವಸರ ಮಾಡ್ತಿದಾರೆ. ಇಡೀ ಫೈಲ್ ಒಂದೇ ಸಲಕ್ಕೆ ಸೇರಿಸೋ ಹಾಗೆ ಮಾಡು."

"ಎಲ್ಲಿ ಅಂಟಿಸ್ಬೇಕು, ಎಲ್ಲಿ ಬಿಡ್ಬೇಕು ಅಂತ ಮಶೀನಿಗೆ ಹೇಗೆ ಗೊತ್ತಾಗುತ್ತೆ?"

"ನಿನಗೇ ಗೊತ್ತಾಗಲ್ಲ, ಮಶೀನ್ ಬಿಡು. ಬರ್ಕೋ. ಲ್ಲ, ದ್ದ, ತ್ತ, ನ್ನ... ಇವುಗಳಿಂದ ಯಾವ ಪದಾನೂ ಶುರುವಾಗಲ್ಲ. ಸಾಲಿನ ಮೊದ್ಲಲ್ಲಿ ಕಂಡ್ರೆ ಹಿಂದಿನದಕ್ಕೆ ಅಂಟಿಸು. ಉಳಿದದ್ದಕ್ಕೆ ಸ್ಪೇಸ್ ಇಡು. ತಪ್ಪಿದ್ದನ್ನ ನಾನು ಕೇಳಿ ತಿದ್ಕೋತೀನಿ."

ಬರೆದುಕೊಂಡೆ, ಶಾಲೆಯ ಹುಡುಗಿಯ ಹಾಗೆ. ಮಾಡಿದೆ. ಒಪ್ಪಲಿಲ್ಲ ಎಂದೇ ಓದಿದಳು ಮಶೀನಮ್ಮ. ಸರಿ ಹೋಯಿತು ಎಂದುಕೊಂಡು ಎದ್ದರೆ ಇನ್ನೊಂದು.

"ಸ್ಕ್ಯಾನಿನ ಕಸ ಬೇರೆ ಇದೆ ಕಣೇ. ಸಾಲಿನ ಮೊದ್ಲಿಗೆ ಚುಕ್ಕೆ, ಅರ್ಧಂಬರ್ಧ ಅಕ್ಷರ. ಅದನ್ನೂ ಗುಡಿಸು."

ನನಗೆ ಕಂಪನಿ ಮೀಟಿಂಗ್ ಹತ್ತು ನಿಮಿಷಕ್ಕೆ. ಇವಳ ಬಾಯಿ ಮುಚ್ಚಿಸಿದರೆ ಸಾಕಾಗಿತ್ತು. ಪದದ ಮೊದಲಿಗೆ ಬರಲಾರದ್ದು ಸಾಲಿನ ಮೊದಲಿಗಿದ್ದರೆ ಕಸ, ಅಳಿಸು — ಎಂದು ಕೋಡಿನ ಮೊದಲಿಗೇ ಎರಡು ಸಾಲು ಬರೆದು ಕೊಟ್ಟೆ. ಓಡುತ್ತದೆ. ಸಾಕು. ಇನ್ನು ಈ ವಿಷಯಕ್ಕೆ ನನ್ನನ್ನು ಕರೆದರೆ ಸರಿಯಿರುವುದಿಲ್ಲ.

ಮಾರ್ಚ್ ೧೪, ಶುಕ್ರವಾರ

ಒಂದು ವಾರ ಕರೆಯಲಿಲ್ಲ. ಇವತ್ತು ಊಟದ ಹೊತ್ತಿಗೆ ತಾನಾಗಿ ಮಾತು ತೆಗೆದಳು.

"ಈ ಸ್ಕ್ಯಾನ್ ಮಾಡಿದೋರು ಅಕ್ಷರ ತಿಂದಿದಾರೆ ಕಣೇ. ‘ಇದ್ದ’ ಇರೋ ಕಡೆ ಬರೀ ‘ಇ’. ಎಲ್ಲಾ ತಿದ್ದಿ ಸಾಕಾಯ್ತು. ಈ ಕಾದಂಬರಿಕಾರನೂ ವಿಚಿತ್ರ. ‘ಅಣ್ಣ ಮಾತಾಡಲಿ.’ ‘ಅವಳು ಬಾಗಿಲು ತೆಗೆಯಲಿ.’ ಎದುರಿಗೆ ಕಂಡೋರಿಗೆಲ್ಲ ಹಾರೈಸ್ತಾನೆ."

"ಸರಿ ಅನ್ನಿಸದಿದ್ರೆ ತಿದ್ದು."

"ಲೇಖಕರ ಶೈಲಿ ಮುಟ್ಟಬಾರದು. ಕಾಗುಣಿತ ನಂದು, ಮಾತು ಅವರದು."

ನನ್ನ ಶೈಲಿ ಮಾತ್ರ ಹುಟ್ಟಿದಾಗಿನಿಂದ ಮುಟ್ಟುತ್ತಿದ್ದಾಳೆ. ಸಕ್ಕರೆ ಡಬ್ಬಿಗೆ ಎರಡು ರಬ್ಬರ್ ಬ್ಯಾಂಡ್, ಉಪ್ಪಿಗೆ ಒಂದು, ತಡವಿದರೆ ಗೊತ್ತಾಗಲೆಂದು. ನನ್ನ ಅಡುಗೆಮನೆಯಲ್ಲಿ ನನಗೇ ಅಪ್ಪಣೆ.

ಮಾರ್ಚ್ ೨೧, ಶುಕ್ರವಾರ

ಅಕ್ಕ ಸ್ನಾನಕ್ಕೆ ಹೋಗಿದ್ದಳು. ಅವಳ ಫೋನ್ ಬಡಿದುಕೊಂಡಿತು. ಮಾಲೀಕರು.

"ಮೇಡಂ ಇಲ್ವಾ? ನೀವು ತಂಗಿ ಅಲ್ವಾ? ಅವ್ರಿಗೆ ಏನಾಗಿದೆ ಕಣ್ರೀ? ಅವಳು ಬಾಗಿಲು ತೆಗೀಲಿಲ್ಲ ಅನ್ನೋದ್ರ ಮೇಲೇ ಇಡೀ ಕಾದಂಬರಿ ನಿಂತಿದೆ. ಇವ್ರು ‘ಬಾಗಿಲು ತೆಗೆಯಲಿ’ ಅಂತ ಬಿಟ್ಟಿದಾರೆ. ಪುಟ ಪುಟಕ್ಕೂ ಹೀಗೇ. ಪ್ರಿಂಟಿಗೆ ಹೋಗೋ ಮೊದ್ಲು ನಾನು ಕಣ್ಣಾಡಿಸಿದ್ದಕ್ಕೆ ಬಚಾವ್. ಇಷ್ಟು ವರ್ಷದಲ್ಲಿ ಇಂಥ ಬೇಜವಾಬ್ದಾರಿ ನಾನು ನೋಡಿಲ್ಲ. ಮುಂದಿನ ಪುಸ್ತಕ ಬೇರೆಯವ್ರಿಗೆ ಕೊಡ್ತೀನಿ. ಹೇಳಿಬಿಡಿ."

ಕೋಡ್ ತೆಗೆದು ನೋಡಿದೆ. ಹುಡುಕುವ ಕೆಲಸವೇ ಇರಲಿಲ್ಲ. ಮೊದಲು ಸೇರಿಸಿ ಆಮೇಲೆ ಗುಡಿಸಬೇಕಿತ್ತು. ನಾನು ಮೊದಲು ಗುಡಿಸಿದ್ದೆ. ಅಂಟಿಸಬೇಕಾದ ಲ್ಲ, ಅಂಟಿಸುವ ಮೊದಲೇ ಕಸದ ಜೊತೆ ಹೋಗಿದೆ. ದ್ದ, ತ್ತ ಹೋದ ಕಡೆ ಪದ ಕೆಟ್ಟಿತು, ಅಕ್ಕನ ಕಿವಿ ಹಿಡಿಯಿತು. ಲ್ಲ ಹೋದ ಕಡೆ ಪದ ನೆಟ್ಟಗೆ ನಿಂತಿದೆ. ಒಪ್ಪಲಿ, ಬರಲಿ, ತೆಗೆಯಲಿ. ಯಾವ ಕಿವಿ ಹಿಡಿದೀತು?

ತಪ್ಪು ನನ್ನದೆಂದು ಮಾಲೀಕರಿಗೆ ಹೇಳಿದರೆ, ಮಶೀನಮ್ಮನ ವಿಷಯ ಹೇಳಬೇಕು. ಅದನ್ನು ಹೇಳಿದರೆ ಕಣ್ಣಿನ ವಿಷಯ ಹೇಳಿದಂತೆ. ಹೇಳದಿದ್ದರೆ ಅಕ್ಕ ಬೇಜವಾಬ್ದಾರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಯಾರದೇ ಫೋನು?" ತಲೆ ಒರೆಸಿಕೊಳ್ಳುತ್ತಾ ಬಂದಳು.

"ರಾಂಗ್ ನಂಬರ್."

ಮುಖ ಕಾಣುವುದಿಲ್ಲ ಅವಳಿಗೆ. ಪುಣ್ಯ.

ಮಾರ್ಚ್ ೨೨, ಶನಿವಾರ

ಮಾಲೀಕರು ಮತ್ತೆ ಫೋನ್ ಮಾಡಿದರು, ಈ ಸಲ ಅವಳೇ ಎತ್ತಿದಳು. "ಸರಿ ಸಾರ್... ಸರಿ..." ಅಷ್ಟೇ. ಮಶೀನಮ್ಮನ ಬಾಯಿ ಮುಚ್ಚಿಸಿ ಕುರ್ಚಿಯಲ್ಲಿ ಕೂತಳು. ಮನೆ ಇಷ್ಟು ನಿಶ್ಶಬ್ದವಾಗಿರಲಿ ಎಂದು ವರ್ಷವಿಡೀ ಬಯಸಿದ್ದೆ. ತಡೆಯಲಾಗಲಿಲ್ಲ.

"ಕಣ್ಣು ಹೋಯ್ತು. ಈಗ ಕಿವಿಯೂ ಹೋಯ್ತು ಕಣೇ," ಎಂದಳು.

ಆಗಲೇ ಹೇಳಬೇಕಿತ್ತು. ಅಡುಗೆಮನೆಗೆ ಹೋಗಿ ಕಾಫಿಗಿಟ್ಟೆ.

ಸಂಜೆ ದೊಡ್ಡಮ್ಮನ ಮಗಳಿಗೆ ಫೋನ್ ಮಾಡಿದಳು, ನಿನ್ನ ಮನೆಯಲ್ಲಿ ಒಂದು ಮೂಲೆ ಕೊಡು ಎಂದು. ಸೋಮವಾರ ಬೆಳಗ್ಗೆಗೆ ಕಾರು ಹೇಳಿದ್ದಾಳೆ. "ಕೆಲಸ ಇಲ್ದೆ ನಿನ್ನ ಮನೇಲಿ ಕೂತು ಉಣ್ಣೋಕೆ ನನಗೇನು ಬಂದಿದೆ?" ಬಟ್ಟೆ ತಾನೇ ಮಡಚಿಕೊಂಡಳು, ಅಂಚಿಗೆ ಅಂಚು ಕೂಡಿಸಿ.

ಬೇಕಾಗಿದ್ದುದು ಇದೇ ತಾನೆ? ಕೋಣೆ ನನ್ನದಾಗುತ್ತದೆ. ಮೇಜು ನನ್ನದಾಗುತ್ತದೆ. ನನಗೆ ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ.

ಮಾರ್ಚ್ ೨೩, ಭಾನುವಾರ

ಹೇಳಿದೆ. ತಿಂಡಿಯ ತಟ್ಟೆ ಮುಂದಿಟ್ಟು, ನಿಂತುಕೊಂಡೇ, ಎಲ್ಲ.

ತಟ್ಟೆ ಪಕ್ಕಕ್ಕೆ ಸರಿಸಿದಳು.

"ಮೊದ್ಲು ಗುಡಿಸಿದ್ಯಾ?"

"ಹೂಂ."

"ಆಮೇಲೆ ಸೇರಿಸಿದ್ಯಾ?"

"ಹೂಂ."

"ಹಾಗಾದ್ರೆ ನನ್ನ ಕಿವಿ ಸರಿ ಇದೆ." ತಟ್ಟೆ ಹತ್ತಿರ ಎಳೆದುಕೊಂಡಳು. "ಕತ್ತೆ. ನಿನ್ನೆಯಿಂದ ನನ್ನ ಸಾಯಿಸಿಬಿಟ್ಟೆಯಲ್ಲೇ."

ತಿಂದು ಮುಗಿಸಿ ಫೋನ್ ತಗೊಂಡಳು. ನಾನು ಬೇಡ ಎಂದೆ, ಕಣ್ಣಿನ ವಿಷಯ ಗೊತ್ತಾಗುತ್ತದೆ ಎಂದೆ. ಕೈ ತಳ್ಳಿದಳು.

"ಸಾರ್, ನಂಗೆ ಕಣ್ಣು ಕಾಣಲ್ಲ. ವರ್ಷ ಆಯ್ತು. ನಿಮ್ಮ ಹತ್ರ ಮುಚ್ಚಿಟ್ಟೆ, ಅದು ನನ್ನ ತಪ್ಪು. ಆದ್ರೆ ಆ ಲ್ಲ ಕಳೆದದ್ದು ನಾನಲ್ಲ, ನನ್ನ ತಂಗಿ. ಇಲ್ಲೇ ನಿಂತಿದಾಳೆ, ಬೇಕಾದ್ರೆ ಬೈಯಿರಿ. ಕುರುಡಿ ಅನ್ನಿ, ಪರವಾಗಿಲ್ಲ. ಬೇಜವಾಬ್ದಾರಿ ಅನ್ನಬೇಡಿ."

ಅತ್ತ ಕಡೆಯಿಂದ ಮಾಲೀಕರ ದನಿ ನನಗೂ ಕೇಳಿಸಿತು, "ಮೊದ್ಲು ಇದನ್ನ ಸರಿ ಮಾಡಿ ಕಳ್ಸಿ ಮೇಡಂ. ಮುಂದಿನದು ಯೋಚ್ನೆ ಮಾಡಿ ನಾಳೆ ಬೆಳಗ್ಗೆ ಹೇಳ್ತೀನಿ."

ದಿನವೆಲ್ಲ ಅದೇ ಆಯಿತು. ಮೂಲ ಸ್ಕ್ಯಾನ್ ಒಂದು ಕಡೆ, ಅವಳ ಫೈಲ್ ಒಂದು ಕಡೆ. ನಾನು ಓದುವುದು, ಅವಳು ಹ್ಞೂಂ ಅನ್ನುವುದು, ಲ್ಲ ವಾಪಸ್ ಇಡುವುದು. ನಡುವೆ ನನ್ನ ಉಚ್ಚಾರಣೆಯನ್ನೂ ತಿದ್ದಿದಳು. ಬಾಗಿಲು ತೆಗೆಯಲಿಲ್ಲ ಬಂದಾಗ ಇನ್ನೊಮ್ಮೆ ಓದು ಎಂದಳು. "ಪಾಪ, ಈಗ ಅರ್ಥ ಆಯ್ತು ಆ ಹೆಣ್ಣಿನ ಕಷ್ಟ," ಎಂದಳು.

ಚೀಲ ಇನ್ನೂ ಬಾಗಿಲ ಬಳಿಯೇ ಇದೆ. ಕಾರು ಬೇಡ ಎಂದು ಹೇಳಿಲ್ಲ. ಅವರು ಕೆಲಸ ಇಲ್ಲ ಅಂದರೆ ಹೋಗುವವಳೇ. ಇರು ಅಕ್ಕಾ ಎನ್ನಲು ನಾಲಿಗೆ ತುದಿವರೆಗೂ ಬಂತು. "ಆ ಚೀಲಾನ ದಾರಿಗೆ ಅಡ್ಡ ಇಟ್ಟಿದೀಯ," ಎಂದೆ.

"ಕಣ್ಣು ಕಾಣೋರು ದಾಟ್ಕೊಂಡು ಹೋಗ್ಬಹುದು," ಎಂದಳು.

ಮಾರ್ಚ್ ೨೪, ಸೋಮವಾರ. ಬೆಳಗ್ಗೆ

ಏಳಕ್ಕೆ ಫೋನ್ ಬಂತು. ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು. ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ.

ಕೆಳಗೆ ಕಾರಿನ ಹಾರ್ನ್. ಒಂದು ಸಲ. ಎರಡನೆಯ ಸಲ. ಕೋಣೆಯ ಕಿಟಕಿ ತೆರೆದ ಸದ್ದು.

"ಬೇಡಪ್ಪಾ, ವಾಪಸ್ ಹೋಗು!"

ಕಾರು ತಿರುಗಿಸಿಕೊಂಡು ಹೋದ. ಗೋಡೆಯಾಚೆ ಮಶೀನಮ್ಮ ಶುರು. ಮಾಲೀಕರು ಆಗಲೇ ಕಳಿಸಿದ ಹೊಸ ಪುಸ್ತಕ, ಅದೇ ಮುರಿದ ಸಾಲು. "ಆ ಊರಿಗೆ ದಾ"... "ರಿ ಇರಲಿ"... "ಲ್ಲ."

"ಏ, ಬಾರೇ ಇಲ್ಲಿ! ಈ ಸಲ ಮೊದ್ಲು ಸೇರಿಸು, ಆಮೇಲೆ ಗುಡಿಸು!"

ಬಂದೆ ಎಂದೆ. ಮತ್ತೆ ಕೂಗುತ್ತಿದ್ದಾಳೆ. ಒಂದು ನಿಮಿಷ ಸುಮ್ಮನಿರಲಾರಳು. ಇದೊಂದು ಸಾಲು ಬರೆದಿಟ್ಟು ಹೋಗುತ್ತೇನೆ. ಅಕ್ಕ ಹೋಗಲಿ