ಮಂಡಕ್ಕಿ ಭಟ್ಟಿ ಓಣಿಯ ಬೆಕ್ಕಿನಮನೆಗೆ

ದಾವಣಗೆರೆ
ಫೆಬ್ರವರಿ ಮೂವತ್ತು, ೨೧೮೮

ಗೌರವಾನ್ವಿತ ಪಾರ್ವತಕ್ಕ ಮತ್ತು ಜುಲೇಖಕ್ಕನವರಿಗೆ,

ತಾರೀಖು ನೋಡಿ ಕಾಗದ ಹರಿಯಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದಕ್ಕೆ ಅನ್ಯಾಯವಾಗಿದೆ ಎಂದು ಯಾರೋ ಹಟ ಹಿಡಿದು ಕೊಡಿಸಿದರಂತೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ನನಗಿಂತ ಚಿಕ್ಕವರು, ಆದರೆ ಹುಟ್ಟಿದ ಇಸವಿಯಲ್ಲಿ ನನ್ನ ಮುತ್ತಜ್ಜನಿಗಿಂತ ಹಿರಿಯರು. ಅಕ್ಕ ಎಂದೇ ಕರೆಯುತ್ತೇನೆ, ಬೈಯಬೇಡಿ. ಬೀದಿಪಾಲಾದ ಬೆಕ್ಕುಗಳಿಗೆಂದು ನೀವಿಬ್ಬರೂ ತೆರೆದ ಮನೆಯಲ್ಲಿ ಈಗ ಪಾಳಿ ಮಾಡುವವನು ನಾನು, ಇಂದುಧರ. ಎಪ್ಪತ್ತು ದಾಟಿದೆ, ಮಂಡಿನೋವು ಇದೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಿಮ್ಮ ಕಾಲದಲ್ಲಿ ಇವತ್ತು ನೀವಿಬ್ಬರೂ ಕಿತ್ತಾಡಿ, ಆ ಮನೆಗೆ ಬೀಗ ಜಡಿದು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿದ್ದೀರೆಂದು ಓಣಿಯ ಹಿರಿಯರಿಂದ ಕೇಳಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸಮಾಚಾರ. ಬೆಣ್ಣೆದೋಸೆ ಇನ್ನೂ ಇದೆ, ಗಾಬರಿಯಾಗಬೇಡಿ. ಆದರೆ ಊರು ತೀರಾ ಸದ್ದಿಲ್ಲದ್ದಾಗಿದೆ. ತೇಲುಬಂಡಿಗಳು ನೆಲ ಮುಟ್ಟದೆ ಸಾಗುತ್ತವೆ, ಅವಕ್ಕೆ ಹಾರ್ನ್ ಇಲ್ಲ. ಬೆಕ್ಕಿನಮನೆಯಲ್ಲಿ ಸಂಬಳದವರು ಯಾರೂ ಇಲ್ಲ, ಓಣಿಯವರೇ ಸರದಿಯಲ್ಲಿ ಬರುತ್ತೇವೆ. ಹೊಸದಾಗಿ ಬಂದ ಬೆಕ್ಕಿಗೆ ‘ಬೆನ್ನುಪಾಳಿ’ ಎಂಬುದೊಂದನ್ನು ಮಾಡುತ್ತೇವೆ. ಎಂದರೆ, ಅದಕ್ಕೆ ಬೆನ್ನು ಹಾಕಿ ಕೂತು, ಅಂಗೈಯಲ್ಲಿ ಮೊಟ್ಟೆಯ ಚೂರಿಟ್ಟು, ಕೈಯನ್ನು ಹಿಂದಕ್ಕೆ ಚಾಚಿ, ಅದಾಗಿಯೇ ಬರುವ ತನಕ ಕಾಯುವುದು. ಬಾಯಿ ಬಿಡುವಂತಿಲ್ಲ. ಬಿಟ್ಟವರು ವಾರವಿಡೀ ಬೆಕ್ಕುಗಳು ಹೊಲಸು ಮಾಡುವ ಮರಳುತಟ್ಟೆ ತೊಳೆಯಬೇಕು.

ಹೋದ ತಿಂಗಳು ಓಣಿಯಲ್ಲಿ ಉಳಿದಿದ್ದ ಒಂದೇ ಒಂದು ಮಂಡಕ್ಕಿ ಹುರಿಯುವ ಭಟ್ಟಿಯೂ ಮುಚ್ಚಿತು. ಅಲ್ಲಿದ್ದ ಬೂದುಬಣ್ಣದ ಗಂಡುಬೆಕ್ಕು ನಮ್ಮ ಪಾಲಿಗೆ ಬಂತು. ಅದರ ಮೀಸೆಯ ಗತ್ತು ನೋಡಿ ಸುಬೇದಾರ ಎಂದು ಹೆಸರಿಟ್ಟೆವು. ಗತ್ತೆಲ್ಲ ಮೀಸೆಗಷ್ಟೇ. ಬಂದ ಗಳಿಗೆಯಲ್ಲೇ ಕಪಾಟಿನ ಹಿಂದೆ ಸೇರಿಕೊಂಡಿತು. ನಾವು ಮಲಗಲು ಹೋದ ಮೇಲೆ ತಟ್ಟೆ ನೆಕ್ಕುವುದು ಬಿಟ್ಟರೆ ಹೊರಗೆ ತಲೆ ಹಾಕಲಿಲ್ಲ. ಬಂದ ಹದಿನೈದು ದಿನದೊಳಗೆ ಮನುಷ್ಯರ ಕೈಯಿಂದ ತಿನ್ನದ ಬೆಕ್ಕನ್ನು ನಗರದ ಪ್ರಾಣಿಮಂಡಳಿಯವರು ಯಂತ್ರಗೂಡಿಗೆ ಒಯ್ಯುತ್ತಾರೆ. ಅಲ್ಲಿ ಉಕ್ಕಿನ ಕೈಗಳು ಹೊತ್ತುಹೊತ್ತಿಗೆ ಉಣಿಸುತ್ತವೆ, ಯಾರೂ ತಲೆ ಸವರುವುದಿಲ್ಲ. ಸುಬೇದಾರನನ್ನು ಅಲ್ಲಿಗೆ ಕಳಿಸಲು ನಾನು ಸಿದ್ಧನಿರಲಿಲ್ಲ.

ಅದು ಹೆದರಿದಷ್ಟೂ ನಾವು ಇನ್ನಷ್ಟು ಸದ್ದಡಗಿಸಿದೆವು. ಕಾಲಿಗೆ ಬಟ್ಟೆ ಸುತ್ತಿಕೊಂಡು ನಡೆದೆವು. ಪಕ್ಕದ ಮದುವೆಮನೆಗೆ ಹೋಗಿ ಓಲಗ ನಿಲ್ಲಿಸಿ ಎಂದು ಕೈಮುಗಿದು, ಚೆನ್ನಾಗಿ ಉಗಿಸಿಕೊಂಡೂ ಬಂದೆವು. ಏನೂ ಪ್ರಯೋಜನವಾಗಲಿಲ್ಲ. ಗಡುವು ಮುಗಿಯುವ ಹಿಂದಿನ ದಿನ ಮಂಡಳಿಯ ಅಧಿಕಾರಿ ಬುಟ್ಟಿ ಹಿಡಿದು ಬಂದೇಬಿಟ್ಟರು. ನನ್ನ ಜೊತೆ ಪಾಳಿಯಲ್ಲಿದ್ದವರು ಖತೀಜಾ. ಕೊನೆಯ ಸಲವೆಂದು ಮೊಟ್ಟೆ ಹಿಡಿದು ಕೂತ ನನಗೆ ತೊಳೆಯದ ಮರಳುತಟ್ಟೆ ಕಂಡಿತು, ತಲೆ ಕೆಟ್ಟುಹೋಯಿತು. ಅಧಿಕಾರಿಯ ಎದುರಿಗೇ ಖತೀಜಾರಿಗೆ ಬೈದೆ. ಖತೀಜಾ ಸುಮ್ಮನಿರುವ ಪೈಕಿ ಅಲ್ಲ. “ನಿಮ್ಮ ಮಂಡಿನೋವಿಗೆ ನಾನೆಷ್ಟು ತಟ್ಟಿ ತೊಳೀಬೇಕ್ರಿ? ಹೋದ ವಾರ ನಿಮ್ಮ ಪಾಳಿ ಮಾಡಿದ್ಯಾರು, ಹೇಳ್ರಿ” ಎಂದು ಸೆರಗು ಸಿಕ್ಕಿಸಿ ನಿಂತರು. “ಒಂದ್ಸಲ ಮಾಡಿ ಊರಿಗೆಲ್ಲ ಸಾರೀರಿ, ಸಾಕು ಬಿಡ್ರಿ” ಎಂದು ನಾನೂ ದನಿ ಏರಿಸಿದೆ. ಕಿಟಕಿಯ ಗಾಜು ಅದುರುವಷ್ಟು ಕೂಗಾಡಿದೆವು.

ಸುಬೇದಾರ ಹೊರಗೆ ಬಂದ. ಮೈಮುರಿದು, ಆಕಳಿಸಿ, ನಮ್ಮಿಬ್ಬರ ನಡುವೆ ಬಂದು ಕೂತ. ಬೀಸಾಡುತ್ತಿದ್ದ ನನ್ನ ಕೈಯನ್ನು ಪಂಜದಿಂದ ತಡೆದು ಮೊಟ್ಟೆ ತಿಂದ. ಅಧಿಕಾರಿ ನಗು ತಡೆಯಲಾರದೆ ಖಾಲಿ ಬುಟ್ಟಿ ಎತ್ತಿಕೊಂಡು ಹೊರಟರು. ನಾನು ಅಲ್ಲೇ ಕೂತು ಅತ್ತೆ, ಖತೀಜಾ ಕೂಡ ಅತ್ತರು. ಆಮೇಲೆ ಹೊಳೆಯಿತು. ಅವನು ಭಟ್ಟಿಯ ಬೆಕ್ಕು. ಬಾಣಲೆಯ ಸದ್ದು, ಕೆಲಸದವರ ಕೂಗಾಟದ ನಡುವೆ ಕಣ್ಣು ಬಿಟ್ಟವನು. ಅವನನ್ನು ಹೆದರಿಸಿದ್ದೇ ನಮ್ಮ ಮೌನ. ಈಗ ಬೆನ್ನುಪಾಳಿಗೆ ಜೋಡಿಯಾಗಿ ಕೂರುತ್ತೇವೆ. ಜಗಳಕ್ಕೆ ಕಾರಣ ಸಿಗದ ದಿನ ಮಂಡಕ್ಕಿಗೆ ಈರುಳ್ಳಿ ಎಷ್ಟು ಹಾಕಬೇಕೆಂದು ಕಚ್ಚಾಡುತ್ತೇವೆ.

ಇನ್ನು ನಿಮ್ಮ ವಿಷಯ. ನಿಮ್ಮಲ್ಲಿಗೆ ಬಂದ ಒಂದು ಬಿಳಿ ಬೆಕ್ಕಿನಮರಿಗೆ ಯಾವ ಹೆಸರಿಡಬೇಕೆಂದು ನೀವು ಜಗಳವಾಡಿದಿರಂತೆ. ಯಾರದು ಸರಿ ಎಂದು ನನ್ನನ್ನು ಕೇಳಬೇಡಿ. ಆ ವಿಚಾರದಲ್ಲಿ ಓಣಿ ಇವತ್ತಿಗೂ ಎರಡು ಪಕ್ಷ. ನೀವು ಮರಳಿ ಬಂದು ಬಾಗಿಲು ತೆಗೆದಿರೆಂದು ನನಗೆ ಗೊತ್ತು, ಇಲ್ಲದಿದ್ದರೆ ನಾನೆಲ್ಲಿ ಪಾಳಿ ಮಾಡುತ್ತಿದ್ದೆ? ಆದರೆ ಅದು ನಿಮಗಿನ್ನೂ ಗೊತ್ತಿಲ್ಲವಲ್ಲ. ಜಗಳ ಬಿಡಿ ಎಂದು ಕೇಳುತ್ತಿಲ್ಲ ಅಕ್ಕಂದಿರೇ, ಮನಸಾರೆ ಆಡಿ. ಒಳಗೆ ಬಂದು ಆಡಿ, ಅಷ್ಟೆ. ನೀವು ಹೋದಾಗಿನಿಂದ ಆ ಮನೆಯಲ್ಲಿ ಒಂದು ಸದ್ದೂ ಇಲ್ಲ, ಬೆಕ್ಕುಗಳು ಹೆದರಿವೆ.

ಇಂತಿ ನಿಮ್ಮ ಓಣಿಯವನು,
ಇಂದುಧರ