ಹುಳುಮನೆಗೆ ಬಳಿದ ಎಣ್ಣೆ

ರಾಯದುರ್ಗ
19-11-2009

ಪ್ರೀತಿಯ ಕಾಟಮ್ಮತ್ತಿಗೆಗೆ,

ನಿನ್ನ ನಾದಿನಿ ಹೇಮಶ್ರೀ ಮಾಡುವ ನಮಸ್ಕಾರ. ಕ್ಷೇಮವಾ ಎಂದು ಕೇಳುವ ಮುಖ ನನಗಿಲ್ಲ. ಗಂಡನ ಮನೆಯಿಂದ ಹೊರಹಾಕಿಸಿಕೊಂಡು ಮೂರು ತಿಂಗಳಿಂದ ತವರಿನಲ್ಲಿ ಕೂತವಳನ್ನು ಯಾವ ಬಾಯಲ್ಲಿ ಕೇಳಲಿ? ಫೋನ್ ಮಾಡಿದರೆ ನಿಮ್ಮಣ್ಣ ನನ್ನ ಹೆಸರು ಕೇಳುತ್ತಲೇ ಇಟ್ಟುಬಿಡುತ್ತಾನೆ. ಅದಕ್ಕೇ ಈ ಕಾಗದ. ಸಿಟ್ಟಿನಲ್ಲಿ ಹರಿದು ಹಾಕಬೇಡ, ಇದರಿಂದ ನಿನಗೆ ಕೆಲಸವಿದೆ.

ನಿನ್ನೆಯಿಂದ ನನ್ನ ಮನಸ್ಸು ಕೆಲಸದಲ್ಲಿಲ್ಲ. ಪ್ಯಾಂಟಿಗೆ ಜೇಬು ತಲೆಕೆಳಗಾಗಿ ಹೊಲಿದು ಮೇಸ್ತ್ರಿಯಿಂದ ಬೈಸಿಕೊಂಡೆ. ಅತ್ತಿಗೆ, ಆವತ್ತು ನಮ್ಮ ರೇಷ್ಮೆ ಹುಳು ಸತ್ತದ್ದು ನಿನ್ನಿಂದಲ್ಲ. ನನ್ನಿಂದ.

ನಮ್ಮ ಜೀನ್ಸ್ ಫ್ಯಾಕ್ಟರಿಯಲ್ಲಿ ಕಟ್ಟಿಗೆಯಿಂದ ಕರೆಂಟ್ ಮಾಡುವ ಯಂತ್ರ ಬಂದಿದೆ ಎಂದು ಗೌರಿ ಹಬ್ಬಕ್ಕೆ ಬಂದಾಗ ಜಂಬ ಕೊಚ್ಚಿದ್ದೆನಲ್ಲ? ಸಾಮಿಲ್ಲಿನ ಚೂರು, ಜಾಲಿ ಕೊಂಬೆ, ತೆಂಗಿನ ಚಿಪ್ಪು, ಹೀಗೆ ಯಾರಿಗೂ ಬೇಡವಾದದ್ದನ್ನೆಲ್ಲ ಒಂದು ದೊಡ್ಡ ಕೊಳವೆಯಂಥ ಒಲೆಗೆ ಸುರಿದು, ಪೂರ್ತಿ ಉರಿಯಲು ಬಿಡದೆ ಬೇಯಿಸುತ್ತಾರೆ. ಅದರಿಂದ ಬರುವ ಗ್ಯಾಸಿನಲ್ಲಿ ಎಂಜಿನ್ ಓಡುತ್ತದೆ. ಊರಿಗೆಲ್ಲ ಕರೆಂಟ್ ಹೋದರೂ ನಮ್ಮ ಮಿಷನ್ ನಿಲ್ಲುವುದಿಲ್ಲ. ಗೇಟಿನ ಮೇಲೆ ಹಸಿರು ಅಕ್ಷರದಲ್ಲಿ ಹೊಗೆಯಿಲ್ಲ, ಕಸವಿಲ್ಲ ಎಂದು ತೆಲುಗಿನ ಬೋರ್ಡು ಬೇರೆ. ಹೊಗೆ ಕಾಣುವುದಿಲ್ಲ, ನಿಜ. ಆದರೆ ಆ ಗ್ಯಾಸನ್ನು ನೀರಿನಲ್ಲಿ ತೊಳೆಯುತ್ತಾರೆ, ಹೊಗೆಯಲ್ಲಿ ಹೋಗಬೇಕಾದ ಕೊಳೆಯೆಲ್ಲ ನೀರಿಗೆ ಇಳಿಯುತ್ತದೆ. ತಳದಲ್ಲಿ ಕಪ್ಪಗೆ, ಜಿಗುಟಾಗಿ ಎಣ್ಣೆ ಕೂರುತ್ತದೆ. ಗೆದ್ದಲಿಗೆ ಒಳ್ಳೆಯದೆಂದು ಕೆಲಸದವರೆಲ್ಲ ಡಬ್ಬಿಯಲ್ಲಿ ಒಯ್ಯುತ್ತಾರೆ. ಬಿಟ್ಟಿ ಸಿಕ್ಕಿದ್ದನ್ನು ಬಿಡುವವಳಾ ನಾನು? ಊರಿಗೂ ಒಂದು ಡಬ್ಬಿ ತಂದೆ.

ಹಬ್ಬದ ಮರುದಿನ ನೀನೂ ನಮ್ಮ ಶ್ರೀನಿವಾಸಣ್ಣನೂ ಹುಳುವಿಗೆ ಸೊಪ್ಪು ಕೊಯ್ಯಲು ಹೋಗಿದ್ದಿರಿ, ಅಮ್ಮ ರಾಗಿ ಬೀಸಿಸಲು ಮಿಲ್ಲಿಗೆ. ಹುಳುಮನೆಯ ಕಿಟಕಿಯಲ್ಲಿ ಇಣುಕಿದರೆ, ಇರುವೆ ಹತ್ತದಿರಲಿ ಎಂದು ಹುಳುವಿನ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಾಲಡಿ ಇಟ್ಟ ನೀರಿನ ಬಟ್ಟಲುಗಳು ಒಣಗಿಹೋಗಿದ್ದವು. ಇರುವೆ ಸಾಲುಗಟ್ಟಿ ಮೇಲಕ್ಕೆ ಹೊರಟಿದ್ದವು. ನಾಲ್ಕನೇ ಜ್ವರ ಕಳೆದು ಕೊನೆಯ ಪೊರೆ ಬಿಟ್ಟ ಹುಳು, ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟುವಂಥವು. ನನಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿ ಅಷ್ಟೂ ಕಾಲುಗಳಿಗೆ ಆ ಎಣ್ಣೆ ಬಳಿದೆ. ಬಿದಿರು ಮೊದಲೇ ಮಸಿ ಹಿಡಿದಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಏನೇ ಇದು ವಾಸನೆ ಎಂದು ಅಮ್ಮ ಮೂಗು ಮುಚ್ಚಿಕೊಂಡಾಗ, ಹೊರಗಿನ ಕಂಬಕ್ಕೆ ಗೆದ್ದಲಿನ ಔಷಧಿ ಹಚ್ಚಿದೆ, ಒಳಗೆ ಕಾಲೇ ಇಟ್ಟಿಲ್ಲ ಎಂದು ಸುಳ್ಳು ಹೇಳಿದೆ.

ಬೆಳಗಾಗುವಷ್ಟರಲ್ಲಿ ಏನಾಯಿತು ಅಂತ ನಿನಗೆ ಗೊತ್ತು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಹಸಿರು ನೀರು ಕಾರಿಕೊಂಡು ಸತ್ತವು. “ಮುಟ್ಟಾದೋಳು ಹುಳುಮನೆಗೆ ಕಾಲಿಟ್ಟವ್ಳೆ, ಇನ್ನೇನು ಉಳೀತದೆ!” ಎಂದು ಅಮ್ಮ ಬೀದಿಗೆ ಕೇಳುವಂತೆ ಕೂಗಿ ನಿನ್ನ ಕಡೆ ಕೈ ತೋರಿಸಿದಳು. “ಇಲ್ಲ ಕಣತ್ತೆ, ನಾನು ಮುಟ್ಟಾಗಿ ಹದಿನೈದು ದಿನ ಆಯ್ತು” ಎಂದು ನೀನು ದೇವರ ಮೇಲೆ ಆಣೆ ಇಟ್ಟೆ. ಅಣ್ಣ ನೆಲ ನೋಡುತ್ತಾ ನಿಂತ. ನಾನು ಬಾಗಿಲ ಹಿಂದಿದ್ದೆ. ಅಮ್ಮನ ಬಾಯಿಗೆ ಹೆದರಿ ಸುಮ್ಮನಾದೆ.

ನಿನ್ನೆ ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ಫ್ಯಾಕ್ಟರಿ ಹಿಂದಕ್ಕೆ ಹೋದೆ. ಕಪ್ಪು ನೀರಿನ ಗುಂಡಿ ತುಂಬಿ ಹಳ್ಳದ ಕಡೆ ಹರಿಯುತ್ತಿತ್ತು. ಪಕ್ಕದ ಹೊಂಗೆ ಮರದಲ್ಲಿ ಜೇನು ಕಟ್ಟಿತ್ತು. ಆ ಮರದ ಕೆಳಗೆ, ಗುಂಡಿಯ ಅಂಚಿನಲ್ಲಿ, ಕಾಲಿಡಲು ಜಾಗವಿಲ್ಲದಂತೆ ಜೇನುಹುಳು ಬಿದ್ದಿದ್ದವು. ನೀರು ಕುಡಿಯಲು ಇಳಿದವು, ಪಾಪ. ಇನ್ನೂ ಜೀವ ಇದ್ದವು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅಯ್ಯೋ ಅತ್ತಿಗೆ! ಅದೇ ಥರ, ಥೇಟ್ ಅದೇ ಥರ! ಡಬ್ಬಿ ಅಲ್ಲೇ ಬಿಸುಟು ಜೋರಾಗಿ ಅಳತೊಡಗಿದೆ.

ಯಂತ್ರ ನೋಡಿಕೊಳ್ಳುವ ಸಿದ್ದಬಸಪ್ಪನವರು ಓಡಿ ಬಂದರು. “ಆ ಎಣ್ಣಿ ಗಾಳಿ ಬಡದ್ರ ಸಾಕ್ರಿ, ಹುಳ ಉಳಿಯಂಗಿಲ್ಲ. ಅದಕ್ಕ ಗೆದ್ದಲಿಗೆ ಒಯ್ತಾರ. ಹಳ್ಳಕ್ಕ ಈ ನೀರು ಬಿಟ್ಟ ಮ್ಯಾಲ ಒಂದು ಕಪ್ಪೀನೂ ಕಾಣವಲ್ದು. ಯಾಕ ಅಳಾಕತ್ತೀರಿ ತಂಗಿ?” ಎಂದರು. ರೇಷ್ಮೆ ಹುಳುವಿನ ಮನೆಗೆ ಹಚ್ಚಿದೆ ಎಂದೆ. ಅವರು ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟರು.

ಮಾಲೀಕರ ಹತ್ತಿರ ಹೋಗಿ ಆ ನೀರನ್ನು ಹಳ್ಳಕ್ಕೆ ಬಿಡಬೇಡಿ ಎಂದೆ. ಯಂತ್ರ ನಿಲ್ಲಿಸಿದರೆ ನಿನಗೇ ಕೆಲಸವಿಲ್ಲ, ಹೋಗಿ ಹೊಲಿ ಎಂದರು. ಅದೂ ಸುಳ್ಳಲ್ಲ. ಹೋಗಿ ಹೊಲಿದೆ, ಥೂ ನನ್ನ ಜನ್ಮಕ್ಕೆ.

ಇಪ್ಪತ್ತೊಂಬತ್ತರ ಭಾನುವಾರ ನಮ್ಮೂರು ಅಗಳಿಯಲ್ಲಿ ನಿನಗೂ ಅಣ್ಣನಿಗೂ ಬಿಡುಗಡೆ ಮಾಡಿಸುವ ಪಂಚಾಯ್ತಿ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಬೇರೆ ಹೆಣ್ಣನ್ನೂ ನೋಡಿಟ್ಟಿದ್ದಾಳಂತೆ. ನೀನು ಹೆಬ್ಬೆಟ್ಟೂ ಒತ್ತಬೇಡ, ಸಹಿಯೂ ಹಾಕಬೇಡ. ಈ ಕಾಗದ ತೆಗೆದು ಎಲ್ಲರ ಮುಂದೆ ಓದು. ಏಳನೇ ಕ್ಲಾಸಿನವರೆಗೆ ಓದಿದವಳು, ಗಟ್ಟಿಯಾಗಿ ಓದು. ನಂಬದವರು ಸ್ಟ್ಯಾಂಡಿನ ಕಾಲನ್ನು ಉಗುರಿನಲ್ಲಿ ಕೆರೆದು ಮೂಸಲಿ, ಇನ್ನೂ ನಾರುತ್ತಿರುತ್ತದೆ. ನಾನೂ ಶನಿವಾರದ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಬೈಗುಳಕ್ಕೆ ತಲೆಯೊಡ್ಡಿ ಕೂತಿರುವ,
ಹೇಮಶ್ರೀ

ವಿ.ಸೂ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಅಮ್ಮನ ಬಾಯಿಗೆ ಹೆದರಿದೆ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಆ ದಿನ ಮುಟ್ಟಾಗಿದ್ದವಳು ನಾನು. ವರ್ಷಕ್ಕೊಮ್ಮೆ ತವರಿಗೆ ಬಂದು ಹಬ್ಬದಲ್ಲಿ ಹೊರಗೆ ಕೂರಬೇಕಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಹುಳು ಸತ್ತಾಗ ನನ್ನ ಮೈಲಿಗೆಯೇ ಕೊಂದಿತೆಂದು ನಂಬಿದೆ. ನಂಬಿಕೊಂಡೂ, ಅದು ನಿನ್ನ ತಲೆಗೆ ಬೀಳುವುದನ್ನು ನೋಡುತ್ತಾ ನಿಂತೆ. ಎಣ್ಣೆಯ ವಿಷಯ ತಿಳಿದದ್ದು ನಿನ್ನೆ. ನಿನ್ನ ತಪ್ಪಿಲ್ಲ ಎಂದು ಮೊದಲ ದಿನದಿಂದಲೂ ಗೊತ್ತಿತ್ತು. ಪಂಚಾಯ್ತಿಯಲ್ಲಿ ಇದನ್ನೂ ಓದು ಅತ್ತಿಗೆ, ನನ್ನ ಮುಖ ನೋಡಿ ಬಿಟ್ಟುಬಿಡಬೇಡ.