ಹೊಡೆದುಹಾಕಿದ ಮಾತು

ಆನೈಮಲೈ, ೧೯೮೬

ವಾರಿಜಕ್ಕಾ,

ನೀನು ತೀರಿಕೊಂಡು ನಾಲ್ಕು ತಿಂಗಳಾಯಿತು. ನಾನೀಗ ಇಲ್ಲಿನ ತೆಂಗಿನ ತೋಟದ ಮನೆಯಲ್ಲಿ ಹತ್ತು ದಿನ ಉಳಿದು ಚಿತ್ರಕಥೆ ಬರೆಯುವುದನ್ನು ಕಲಿಯುತ್ತಿದ್ದೇನೆ.

ಗಾಂಧಿಪುರಂ ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರು ಕೊನೆಯ ಸಲ ಭೇಟಿಯಾದದ್ದನ್ನೇ ಇವತ್ತು ದೃಶ್ಯವಾಗಿ ಬರೆದು ತರಗತಿಯಲ್ಲಿ ಓದಿದೆ. ಮಗ್ಗ ಬಿಟ್ಟು ಕಥೆಯ ಹಿಂದೆ ಹೊರಟ ತಮ್ಮನನ್ನು ಬೈದಿದ್ದ ಅಕ್ಕ, ಬಸ್ಸಿನ ಕಿಟಕಿಯ ಹತ್ತಿರ ಬಂದು, "ಇನ್ನೂ ನನ್ನ ಮ್ಯಾಲೆ ಕೋವಾನಾ ತಮ್ಮಯ್ಯಾ?" ಎನ್ನುತ್ತಾಳೆ. ತಮ್ಮ "ಇಲ್ಲಕ್ಕಾ" ಎನ್ನುತ್ತಾನೆ. ಇಲ್ಲಿಯವರಿಗಾಗಿ ನಮ್ಮ ಮನೆಯ ಕನ್ನಡವನ್ನೆಲ್ಲ ತಮಿಳಿಗೆ ತಿರುಗಿಸಿದ್ದೆ. ಆ 'ಇಲ್ಲಕ್ಕಾ' ಒಂದು ಮಾತ್ರ ಎರಡರಲ್ಲೂ ಒಂದೇ.

ಕಲಿಸುವ ರಾಮಲಿಂಗಂ ಸಾರ್ ತಲೆಯಾಡಿಸಿದರು. "ಆ 'ಇಲ್ಲಕ್ಕಾ' ಸುಳ್ಳಪ್ಪಾ. ಕೋಪದಲ್ಲಿರೋನು ಅಷ್ಟು ಬೇಗ ಹೇಳಲ್ಲ. ಹೊಡೆದುಹಾಕು."

ನನ್ನ ಜೊತೆ ಕಲಿಯುವ ಪೋತ್ತನೂರಿನ ರೈಲ್ವೆ ಫಿಟ್ಟರ್ ಆರುಮುಗಂ ನನ್ನತ್ತ ಕೈ ತೋರಿಸಿ, "ನಮ್ಮ ಪುರಂದರನಾ ಅಕ್ಕನಿಗೆ ಮುಖ ತಿರುಗಿಸೋನು? ಪಾವಂ, ಪಾಪದೋನು ಸಾರ್ ಅವನು!" ಎಂದ. ಎಲ್ಲರೂ ನಕ್ಕರು.

ಹೊಡೆದುಹಾಕಿದೆ. ತಮ್ಮ ಉತ್ತರ ಕೊಡದೆ ಮುಖ ತಿರುಗಿಸುತ್ತಾನೆ, ಬಸ್ಸು ಹೊರಡುತ್ತದೆ ಎಂದು, ಅವತ್ತು ನಿಜವಾಗಿ ನಡೆದದ್ದನ್ನೇ ಬರೆದು ಓದಿದೆ. ಈ ಸಲ ಯಾರೂ ನಗಲಿಲ್ಲ.

"ಈಗ ಸರಿ," ಎಂದು ಸಾರ್ ಹೊಸ ಕಾಗದ ಕೊಟ್ಟರು. "ಮುಂದಿನ ದೃಶ್ಯದಲ್ಲಿ ತಮ್ಮ ವಾಪಸ್ ಬರಲಿ. ಅಕ್ಕನಿಗೆ ಏನು ಹೇಳ್ತಾನೋ ಬರಿ."

ಆ ಕಾಗದದಲ್ಲೇ ಇದನ್ನು ಬರೆಯುತ್ತಿದ್ದೇನೆ.